‘ಸರ್ವರ್ ಇಲ್ಲ’ ಎಂದರೆ ಯಾರಿಲ್ಲ?

ಹಿಂದೆ ಸರ್ಕಾರಿ ಕಚೇರಿಗೆ ಹೋದ ರೈತನಿಗೆ ಸಿಗುತ್ತಿದ್ದ ಉತ್ತರ “ಸಾಹೇಬರು ಕ್ಯಾಂಪಿಗೆ ಹೋಗಿದ್ದಾರೆ” ಎಂಬುದು. ಈಗ ಸಿಗುವ ಉತ್ತರ “ಸರ್ವರ್ ಇಲ್ಲ, ನಾಳೆ ಬಾ” ಎಂಬುದು. ಎರಡರಲ್ಲಿ ಮೊದಲನೆಯದೇ ವಾಸಿ ಎಂದು ನಾವು ಹೇಳಿದರೆ ಓದುಗರು ನಗಬಾರದು. ಸಾಹೇಬರಿಗೆ ಒಂದು ಹೆಸರಿತ್ತು, ಒಂದು ಮುಖವಿತ್ತು. ಅವರು ಎಂದಾದರೂ ಹಿಂದಿರುಗುತ್ತಿದ್ದರು, ಹಿಂದಿರುಗದಿದ್ದರೆ ಅವರ ಮೇಲಿನವರಿಗೆ ಅರ್ಜಿ ಬರೆಯಬಹುದಿತ್ತು. ಈ ಸರ್ವರು ಎಂಬಾತನಿಗೆ ಹೆಸರಿಲ್ಲ, ಮುಖವಿಲ್ಲ, ಊರಿಲ್ಲ. ಆತ ಇಲ್ಲವೆಂದರೆ ಮಳೆ ಬರಲಿಲ್ಲ ಎಂದ ಹಾಗೆ, ಯಾರನ್ನು ಕೇಳುವುದು? ಜನ ಸುಮ್ಮನೆ ಬಸ್ಸು ಹತ್ತಿ ಮನೆಗೆ ಹೋಗುತ್ತಾರೆ. ಆ ದಿನದ ಕೂಲಿ ಹೋಯಿತು, ಬಸ್ ಚಾರ್ಜು ಹೋಯಿತು. (ಹೆಂಗಸರಾದರೆ ಚಾರ್ಜು ಉಳಿಯಿತು, ಕೂಲಿ ಉಳಿಯಲಿಲ್ಲ.) ಅರ್ಜಿಯ ಕೊನೆಯ ದಿನ ಮಾತ್ರ ಒಂದು ದಿನ ಹತ್ತಿರವಾಯಿತು.

ಮನೆಯಲ್ಲೇ ಕುಳಿತು ಫೋನಿನಲ್ಲಿ ಅದೇ ಪುಟವನ್ನು ತೆರೆಯಹೊರಟವನ ಪಾಡೂ ಬೇರೆಯಲ್ಲ. ಬಿಳಿಯ ತೆರೆಯ ಮೇಲೆ ಒಂದು ಚಕ್ರ ಸುತ್ತುತ್ತದೆ, ಸುತ್ತುತ್ತಲೇ ಇರುತ್ತದೆ. ಕಚೇರಿಯವರನ್ನು ಕೇಳಿದರೆ “ನಿಮ್ಮ ನೆಟ್‌ವರ್ಕು ಸರಿಯಿಲ್ಲ” ಎನ್ನುತ್ತಾರೆ. ಫೋನು ಕಂಪೆನಿಯವರನ್ನು ಕೇಳಿದರೆ “ಆ ವೆಬ್‌ಸೈಟು ಸರಿಯಿಲ್ಲ” ಎನ್ನುತ್ತಾರೆ. ಪೇಟೆಯ ಅಂಗಡಿಯವನು “ಫೋನು ಹಳೆಯದಾಯಿತು, ಹೊಸದು ತಗೊಳ್ಳಿ” ಎನ್ನುತ್ತಾನೆ. ಮೂವರಿಗೂ ಪರಸ್ಪರ ಹೊಂದಾಣಿಕೆಯಿಲ್ಲ. ಆದರೆ ತಪ್ಪು ನಮ್ಮದು ಎಂಬ ಒಂದು ವಿಷಯದಲ್ಲಿ ಮಾತ್ರ ಮೂವರದೂ ಒಮ್ಮತ!

ಈ ಒಮ್ಮತವನ್ನು ಮುರಿಯಬೇಕೆಂದು ನಾವು ಈ ಲೇಖನ ಬರೆಯುತ್ತಿದ್ದೇವೆ. ಪುಟ ತೆರೆಯದಿರುವುದಕ್ಕೆ ಕಾರಣ ಅಡಗಿರಬಹುದಾದ ಜಾಗಗಳು ಮುಖ್ಯವಾಗಿ ನಾಲ್ಕು: ಕೈಯಲ್ಲಿರುವ ಫೋನು, ನಾವು ಹಾಕಿಸಿಕೊಂಡ ಪ್ಯಾಕು, ಊರಿನ ಟವರು, ಆಚೆ ತುದಿಯ ಸರ್ವರು. ಇವುಗಳಲ್ಲಿ ಕೆಟ್ಟಿರುವುದು ಯಾವುದೆಂದು ಸಾಮಾನ್ಯ ಓದು ಬಲ್ಲ ಯಾವ ಹಳ್ಳಿಯವನಾದರೂ ಕಾಲು ಗಂಟೆಯಲ್ಲಿ ಕಂಡುಹಿಡಿಯಬಲ್ಲ. ಅದಕ್ಕೆ ಇಂಜಿನಿಯರ್ ಆಗಬೇಕಾಗಿಲ್ಲ. ಯಾರ ಬಾಗಿಲಲ್ಲಿ ನಿಲ್ಲಬೇಕೆಂದು ತಿಳಿಯದ ಜನರನ್ನು ಎಲ್ಲ ಬಾಗಿಲುಗಳಿಂದಲೂ ಓಡಿಸಬಹುದು. ತಿಳಿದವರನ್ನು ಓಡಿಸುವುದು ಅಷ್ಟು ಸುಲಭವಲ್ಲ.

ಮೊದಲು ಪುಟ ಬರುವ ಬಗೆ. ನಾವು ಹಿಂದೆ ಪಾಠ ಹೇಳಿದವರು, ಆ ಚಾಳಿ ಹೋಗಿಲ್ಲ, ಓದುಗರು ಸಹಿಸಬೇಕು. ಫೋನಿನಲ್ಲಿ ಒಂದು ವಿಳಾಸ ಬರೆದೊಡನೆ ಪುಟ ಇಡಿಯಾಗಿ ಓಡಿ ಬರುವುದಿಲ್ಲ. ಫೋನು ಮೊದಲು ಆ ಹೆಸರಿನ ಸರ್ವರಿನ ಸಂಖ್ಯೆ ಏನೆಂದು ಬೇರೊಂದು ಕಡೆ ವಿಚಾರಿಸುತ್ತದೆ. ಆಮೇಲೆ ಸರ್ವರಿಗೆ ನಮಸ್ಕಾರ ಹೇಳಿ, ಅಲ್ಲಿಂದ ಪ್ರತಿನಮಸ್ಕಾರ ಬಂದ ಮೇಲೆ, “ನೀನು ನಿಜವಾಗಿ ನೀನೇನಾ?” ಎಂದು ಅದರ ಪ್ರಮಾಣಪತ್ರ ಪರೀಕ್ಷಿಸುತ್ತದೆ. ಅದಾದ ನಂತರ ಪುಟದ ಮೂಲ ಬರಹ ಬರುತ್ತದೆ. ಆ ಬರಹದೊಳಗೆ “ಈ ಚಿತ್ರ ತಾ, ಆ ಅಕ್ಷರಮಾದರಿ ತಾ, ಈ ಲೆಕ್ಕದ ಕಡತ ತಾ” ಎಂಬ ಹತ್ತಾರು ಆಜ್ಞೆಗಳಿರುತ್ತವೆ. ಒಂದೊಂದಕ್ಕೂ ಮತ್ತೆ ಓಡಾಟ. ಒಳ್ಳೆಯ 4ಜಿ ಸಂಪರ್ಕದಲ್ಲಿ ಒಂದು ಓಡಾಟಕ್ಕೆ ಒಂದು ಸೆಕೆಂಡಿನ ಹತ್ತನೆಯ ಒಂದು ಪಾಲೂ ಬೇಡ. ಹಳೆಯ 2ಜಿಯಲ್ಲಿ ಒಂದೊಂದಕ್ಕೆ ಅರ್ಧ ಸೆಕೆಂಡು, ಅದಕ್ಕಿಂತ ಹೆಚ್ಚೂ ಹಿಡಿಯಬಹುದು. ಹತ್ತಾರು ಓಡಾಟದ ಮೇಲೆ ಏನಾಗುತ್ತದೆಂದು ನೀವೇ ಲೆಕ್ಕ ಹಾಕಿ.

ಹಳ್ಳಿಗಳಲ್ಲಿ ನಾವು ಎಲ್ಲಕ್ಕಿಂತ ಹೆಚ್ಚು ಕೇಳುವ ಪ್ರಶ್ನೆಗೆ ಉತ್ತರವೂ ಇದರಲ್ಲೇ ಇದೆ. “ವಾಟ್ಸಾಪ್ ಬರುತ್ತದೆ, ಪಹಣಿ ಪುಟ ಮಾತ್ರ ಬರುವುದಿಲ್ಲ, ಯಾಕೆ?” ವಾಟ್ಸಾಪಿನ ಒಂದು ಸಂದೇಶ ಕಾರ್ಡು ಬರೆದ ಹಾಗೆ, ಕೆಲವೇ ಕಿಲೋಬೈಟು. ದಾರಿಯಲ್ಲಿ ಸಿಕ್ಕಿಕೊಂಡರೆ ಅದು ಕಾದಿದ್ದು, ಮತ್ತೆ ಮತ್ತೆ ಯತ್ನಿಸಿ, ಹತ್ತು ನಿಮಿಷದ ಮೇಲಾದರೂ ತಲುಪುತ್ತದೆ. ಇಂದಿನ ಸಾಮಾನ್ಯ ವೆಬ್ ಪುಟವಾದರೋ 2 ಎಂಬಿಗೂ ಮಿಗಿಲಾದ ಮೂಟೆ. ಅದು ತುಂಡು ತುಂಡಾಗಿ ಬರಬೇಕು, ನಿಗದಿಯಾದ ಹೊತ್ತಿನೊಳಗೆ ಬರಬೇಕು, ಇಲ್ಲವಾದರೆ ಅಲ್ಲಿಗೇ ಕೈಬಿಡುತ್ತದೆ. ಆದುದರಿಂದ “ವಾಟ್ಸಾಪ್ ಬರುತ್ತದಲ್ಲ, ನೆಟ್‌ವರ್ಕು ಸರಿಯಾಗಿದೆ” ಎಂದು ಕಂಪೆನಿಯವರು ಹೇಳಿದರೆ ಒಪ್ಪಬೇಡಿ. ಕಾರ್ಡು ತಲುಪಿದ ಮಾತ್ರಕ್ಕೆ ರಸ್ತೆಯಲ್ಲಿ ಲಾರಿ ಹೋಗುತ್ತದೆಂದು ಅರ್ಥವಲ್ಲ.

ಫೋನಿನ ವಿಷಯ ಬೇಗ ಮುಗಿಸುತ್ತೇವೆ. ವಿಮಾನದ ಗುರುತನ್ನು ಒತ್ತಿ, ಹತ್ತು ಎಣಿಸಿ, ಮತ್ತೆ ತೆಗೆಯಿರಿ. ಫೋನು ಹೊಸದಾಗಿ ಟವರನ್ನು ಹುಡುಕುತ್ತದೆ. ಎರಡು ಸಿಮ್ಮಿದ್ದರೆ ಡಾಟಾ ಯಾವುದಕ್ಕೆ ಹಚ್ಚಿದೆ ನೋಡಿ. ಪ್ಯಾಕು ಒಂದರಲ್ಲಿ, ಡಾಟಾ ಇನ್ನೊಂದರಲ್ಲಿ ಇರುವುದು ನಾವು ಕಂಡ ಅತಿ ಸಾಮಾನ್ಯ ದೋಷ. ಫೋನಿನ ತಾರೀಖು, ಗಂಟೆ ತಪ್ಪಿದ್ದರೆ ಮೇಲೆ ಹೇಳಿದ ಪ್ರಮಾಣಪತ್ರದ ಪರೀಕ್ಷೆಯಲ್ಲಿ ಎಲ್ಲ ಪುಟಗಳೂ ನಪಾಸಾಗುತ್ತವೆ. ಬ್ಯಾಟರಿ ಪೂರ್ತಿ ಇಳಿದು ಮತ್ತೆ ಹತ್ತಿದ ಹಳೆಯ ಫೋನುಗಳಲ್ಲಿ ಇದನ್ನು ನೋಡಲೇಬೇಕು. ಸಿಮ್ ಬದಲಿಸಿದವರು ಎಪಿಎನ್ ಎಂಬ ಜಾಗದಲ್ಲಿ ತಮ್ಮ ಕಂಪೆನಿಯ ಹೆಸರು ಸರಿಯಾಗಿದೆಯೇ ನೋಡಬೇಕು. ಬಿಎಸ್‌ಎನ್‌ಎಲ್‌ಗಾದರೆ ಬಿಎಸ್‌ಎನ್‌ಎಲ್‌ನೆಟ್, ಜಿಯೋಗಾದರೆ ಜಿಯೋನೆಟ್, ಎಲ್ಲವೂ ಸಣ್ಣಕ್ಷರದಲ್ಲಿ, ನಡುವೆ ಜಾಗ ಬಿಡದೆ. ಪುಕ್ಕಟೆ ವಿಪಿಎನ್ ಹಾಕಿಕೊಂಡ ಹುಡುಗರು ಅದನ್ನು ಆರಿಸಲಿ. ಪರದೇಶದಿಂದ ಬಂದಂತೆ ಕಾಣುವ ಕೋರಿಕೆಯನ್ನು ನಮ್ಮ ಎಷ್ಟೋ ಸರ್ಕಾರಿ ಸರ್ವರುಗಳು ಬಾಗಿಲಲ್ಲೇ ತಡೆಯುತ್ತವೆ. ಇಷ್ಟು ನೋಡಿ ಆದ ಮೇಲೂ ಚಕ್ರ ಸುತ್ತುತ್ತಿದ್ದರೆ ತಪ್ಪು ಬಹುಪಾಲು ನಿಮ್ಮದಲ್ಲ. ಹೊಸ ಫೋನು ಕೊಳ್ಳಲು ಸಾಲ ಮಾಡುವ ಮುಂಚೆ ಮುಂದಿನದನ್ನು ಓದಿ.

ಇನ್ನು ಪ್ಯಾಕು. ಕಂಪೆನಿಗಳ ಜಾಹೀರಾತಿನಲ್ಲಿ “ಅನ್‌ಲಿಮಿಟೆಡ್” ಎಂಬ ಮಾತನ್ನು ಕಂಡವರೆಲ್ಲ ಕೆಳಗೆ ಇರುವೆಯ ಸಾಲಿನಂತೆ ಅಚ್ಚಾದ ಇನ್ನೊಂದು ಸಾಲನ್ನೂ ಓದಬೇಕು. ದಿನಕ್ಕೆ 1.5 ಜಿಬಿಯೋ 2 ಜಿಬಿಯೋ ಮುಗಿದ ಮೇಲೆ ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತದೆ ಎಂದು ಬಹುತೇಕ ಪ್ಯಾಕುಗಳಲ್ಲಿ ಬರೆದಿರುತ್ತದೆ. ಈ 64 ಎಂದರೇನು? ಎಂಟು ಬಿಟ್ಟಿಗೆ ಒಂದು ಬೈಟು. ಆದುದರಿಂದ ಸೆಕೆಂಡಿಗೆ 8 ಕಿಲೋಬೈಟು. 2 ಎಂಬಿ ಪುಟಕ್ಕೆ 256 ಸೆಕೆಂಡು, ಎಂದರೆ ನಾಲ್ಕು ನಿಮಿಷಕ್ಕೂ ಹೆಚ್ಚು. ಅಷ್ಟರಲ್ಲಿ ಸರ್ವರು ಬೇಸತ್ತು ಬಾಗಿಲು ಹಾಕಿರುತ್ತದೆ. ಮೊಬೈಲಿಗೆ ಬಂದ ಒಟಿಪಿಯ ಆಯುಷ್ಯವೂ ಕೆಲವೇ ನಿಮಿಷ. ಅಂಕಿ ತುಂಬುವ ಪೆಟ್ಟಿಗೆ ತೆರೆಯುವ ಹೊತ್ತಿಗೆ ಒಟಿಪಿ ಸತ್ತಿರುತ್ತದೆ. ಕೇಂದ್ರ ಸರ್ಕಾರವೇ 2023ರ ಜನವರಿಯಲ್ಲಿ ಬ್ರಾಡ್‌ಬ್ಯಾಂಡ್ ಎನ್ನಿಸಿಕೊಳ್ಳಬೇಕಾದರೆ ಕನಿಷ್ಠ 2 ಎಂಬಿಪಿಎಸ್ ವೇಗವಿರಬೇಕೆಂದು ಸಾರಿತು. ಈ 64 ಅದರ ಮೂವತ್ತೊಂದರಲ್ಲಿ ಒಂದು ಪಾಲು. ಊಟಕ್ಕೆ ಕರೆದು, ಎಲೆ ಹಾಕಿ, ಒಂದೊಂದೇ ಅಗುಳು ಬಡಿಸಿ, “ಊಟಕ್ಕೆ ಮಿತಿಯಿಲ್ಲ” ಎಂದು ಹೇಳಿದರೆ ಆ ಗೃಹಸ್ಥನನ್ನು ಏನೆಂದು ಕರೆಯುತ್ತೀರಿ? ಆದರೂ 2024ರ ಜುಲೈ ಮೊದಲ ವಾರದಲ್ಲಿ ಮೂರು ಖಾಸಗಿ ಕಂಪೆನಿಗಳೂ ಬೆನ್ನುಬೆನ್ನಿಗೇ ದರ ಏರಿಸಿದವು. ಏರಿಸುವಾಗ ಅವರಲ್ಲಿ ಸ್ಪರ್ಧೆಯಿರಲಿಲ್ಲ.

ಓದುಗರು ಇಲ್ಲಿ ಮಾಡಬಹುದಾದ್ದು ಇಷ್ಟು. ಅರ್ಜಿಯ ಕೆಲಸವಿದ್ದ ದಿನ ಮನೆಯ ಮಕ್ಕಳು ವಿಡಿಯೋ ನೋಡುವ ಮುಂಚೆ, ಬೆಳಿಗ್ಗೆಯೇ ಆ ಕೆಲಸ ಮುಗಿಸಿಕೊಳ್ಳಿ. ಬರಿಯ ಓದುವ ಪುಟಗಳಿಗೆ ಒಪೆರಾ ಮಿನಿಯಂಥ, ಪುಟವನ್ನು ಹಿಂಡಿ ಚಿಕ್ಕದು ಮಾಡಿ ತರುವ ಬ್ರೌಸರು ಬಳಸಬಹುದು. ಹಣದ, ಆಧಾರಿನ ವ್ಯವಹಾರಕ್ಕೆ ಮಾತ್ರ ಅದು ಬೇಡ. ಆ ಪುಟ ಮತ್ತೊಬ್ಬರ ಯಂತ್ರದ ಮೂಲಕ ಹಾದು ಬರುತ್ತದೆ.

ಮೂರನೆಯದು ಟವರು. ಇದನ್ನು ಮಲೆನಾಡಿನವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. 2020ರಲ್ಲಿ ಶಾಲೆಗಳು ಮುಚ್ಚಿದಾಗ ನಮ್ಮ ಮಕ್ಕಳು ಪಾಠ ಕೇಳಲು ಮಳೆಯಲ್ಲಿ ಕೊಡೆ ಹಿಡಿದು ಗುಡ್ಡದ ನೆತ್ತಿಯಲ್ಲಿ ಕುಳಿತಿದ್ದನ್ನು ನಾಡೆಲ್ಲ ಪತ್ರಿಕೆಯಲ್ಲಿ ನೋಡಿತು. ಅಲೆಗಳು ನೇರ ನಡೆಯುವಂಥವು. ಗುಡ್ಡ ಅಡ್ಡ ಬಂದರೆ ಅದರ ಹಿಂದಿನ ಕಣಿವೆಯ ಅಡಿಕೆ ತೋಟ, ತೋಟದಂಚಿನ ಮನೆ, ಎಲ್ಲ ನೆರಳಿನಲ್ಲಿ ಬೀಳುತ್ತವೆ. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟೆ ಮುಗಿದಾಗ ನಾಡಿಗೆ ಬೆಳಕು ಕೊಟ್ಟವರು ಶರಾವತಿಯ ಜನ. ಆ ಹಿನ್ನೀರಿನ ಅಂಚಿನ ಎಷ್ಟೋ ಮನೆಗಳವರು ಇಂದಿಗೂ ಒಂದು ಕರೆಗಾಗಿ ದಿಬ್ಬ ಹತ್ತುತ್ತಾರೆ.

ಫೋನಿನ ನೆತ್ತಿಯ ಮೇಲಿನ ಗುರುತನ್ನು ಓದಲು ಕಲಿಯಿರಿ. ಅಲ್ಲಿ ಇಂಗ್ಲಿಷಿನ ‘ಇ’ ಅಕ್ಷರವಿದ್ದರೆ ಅದು 2ಜಿ. ಪುಟದ ಆಸೆ ಬಿಡುವುದು ಮೇಲು. ‘ಎಚ್’ ಇದ್ದರೆ 3ಜಿ. ಏರ್‌ಟೆಲಿನವರು 2020ರಲ್ಲೇ 3ಜಿಯನ್ನು ಕೈಬಿಟ್ಟರು. ಅವರ 4ಜಿ ಮಸುಕಾದಲ್ಲಿ ಫೋನು ಮೆಟ್ಟಿಲಿಲ್ಲದ ಅಟ್ಟದಿಂದ ಬಿದ್ದಂತೆ ನೇರ 2ಜಿಗೆ ಬೀಳುತ್ತದೆ. 2016ರಲ್ಲಿ ಬಂದ ಜಿಯೋಗೆ 2ಜಿ, 3ಜಿ ಎಂಬುದೇ ಇಲ್ಲ. 4ಜಿ ತಪ್ಪಿದರೆ ಏನೂ ಇಲ್ಲ. ಬಿಎಸ್‌ಎನ್‌ಎಲ್ ತಡವಾಗಿಯಾದರೂ ಸ್ವದೇಶಿ ಯಂತ್ರಗಳಿಂದ 4ಜಿ ಕಟ್ಟಿತು. 2025ರ ಸೆಪ್ಟೆಂಬರ್ 27ರಂದು 97,500ಕ್ಕೂ ಹೆಚ್ಚು ಟವರುಗಳನ್ನು ಉದ್ಘಾಟಿಸಿದರು. ಅದು ಬಳಸುವ 700 ಮೆಗಾಹರ್ಟ್ಸ್ ಅಲೆ ದೂರ ಹೋಗುವಂಥದು, ಗಿಡಮರದ ನಡುವೆಯೂ ನುಸುಳುವಂಥದು, ನಮ್ಮ ಸೀಮೆಗೆ ತಕ್ಕದ್ದು. ಆದರೆ ಹಳೆಯ ಕೆಲವು ಫೋನುಗಳಿಗೆ ಆ ಅಲೆ ಕೇಳಿಸುವುದಿಲ್ಲ, 3ಜಿ ಕಾಲದ ಸಿಮ್ಮನ್ನೂ ಬದಲಿಸಿಕೊಳ್ಳಬೇಕು. ಊರಿಗೆ ಹೊಸ ಟವರು ಬಂದರೂ ಪುಟ ಬರದವರು ಇವೆರಡನ್ನು ನೋಡಬೇಕು.

ಗುರುತಿನ ಕಡ್ಡಿಗಳು ಪೂರ್ತಿ ನಿಂತಿದ್ದರೂ ಪುಟ ಬಾರದಿರುವುದುಂಟು. ಜನ ಇದರಿಂದ ಬಹಳ ಗಲಿಬಿಲಿಗೊಳ್ಳುತ್ತಾರೆ. ಕಡ್ಡಿಗಳು ಹೇಳುವುದು ಟವರಿನ ಧ್ವನಿ ನಮಗೆ ಎಷ್ಟು ಜೋರಾಗಿ ಕೇಳುತ್ತಿದೆ ಎಂಬುದನ್ನು ಮಾತ್ರ. ಆ ಟವರಿಗೆ ಒಟ್ಟಿಗೆ ಎಷ್ಟು ಜನ ಜೋತುಬಿದ್ದಿದ್ದಾರೆ, ಟವರಿನಿಂದ ಆಚೆಗೆ ಹೋಗುವ ತಂತಿ ಎಷ್ಟು ಸಣ್ಣದು ಎಂಬುದನ್ನು ಹೇಳುವುದಿಲ್ಲ. ಸಂಜೆ ಏಳರಿಂದ ಹತ್ತರವರೆಗೆ ಪುಟ ಬಾರದೆ ನಸುಕಿನಲ್ಲಿ ಐದಕ್ಕೆ ಬಂದರೆ ದೋಷ ಜನಸಂದಣಿಯದು, ಎಂದರೆ ಒಂದು ಟವರಿಗೆ ಎರಡರ ಗಿರಾಕಿಗಳನ್ನು ಮಾರಿಕೊಂಡ ಕಂಪೆನಿಯದು. ಕರೆಂಟು ಹೋದ ಕೆಲವು ಗಂಟೆಯ ಮೇಲೆ ಎಲ್ಲವೂ ಸತ್ತರೆ ದೋಷ ಟವರಿನ ಬ್ಯಾಟರಿಯದು, ಇಲ್ಲವೆ ಡೀಸೆಲ್ ತುಂಬದವರದು. ಮಳೆಗಾಲದಲ್ಲಿ ಈ ಎರಡನೆಯದೇ ಹೆಚ್ಚು.

ಕೊನೆಗೆ ಸರ್ವರು. ಇದರ ಪರೀಕ್ಷೆ ಎಲ್ಲಕ್ಕಿಂತ ಸುಲಭ, ಇದನ್ನು ಪ್ರತಿಯೊಬ್ಬ ಕಾರ್ಯಕರ್ತನೂ ಬಾಯಿಪಾಠ ಮಾಡಬೇಕೆಂದು ನಮ್ಮ ಕೋರಿಕೆ. ನಿಮ್ಮ ಪುಟ ತೆರೆಯದಿದ್ದಾಗ ಬೇರೆ ಎರಡು ಮೂರು ಪುಟ ತೆರೆದು ನೋಡಿ. ಅವು ಬಂದರೆ ನಿಮ್ಮ ದಾರಿ ಸರಿಯಾಗಿದೆ. ಆಮೇಲೆ ಪಕ್ಕದ ಮನೆಯವರ ಬೇರೆ ಕಂಪೆನಿಯ ಫೋನಿನ ಹಾಟ್‌ಸ್ಪಾಟಿನಿಂದ ಅದೇ ಪುಟವನ್ನು ತೆರೆಯಿರಿ. ಅಲ್ಲಿ ತೆರೆದರೆ ದೋಷ ನಿಮ್ಮ ಕಂಪೆನಿಯದು. ಅಲ್ಲಿಯೂ ತೆರೆಯದಿದ್ದರೆ ದೋಷ ಸರ್ವರಿನದು. ಎರಡು ಸಾಕ್ಷಿ ಸಾಕು. ತೆರೆಯ ಮೇಲೆ 500, 502, 503, 504 ಎಂದು ಐದರಿಂದ ಶುರುವಾಗುವ ಮೂರಂಕಿ ಕಂಡರಂತೂ ಸಾಕ್ಷಿಯೂ ಬೇಡ. ಅದು ಆಚೆ ತುದಿಯವರ ತಪ್ಪೊಪ್ಪಿಗೆ. 404 ಕಂಡರೆ ಮಾತ್ರ ವಿಳಾಸ ತಪ್ಪಿರಬಹುದು, ಇಲ್ಲವೆ ಪುಟವನ್ನು ಕಿತ್ತು ಹಾಕಿರಬಹುದು. ಆ ಅಂಕಿ ಕಂಡೊಡನೆ ತೆರೆಯ ಚಿತ್ರ ತೆಗೆದಿಡಿ, ತಾರೀಖು ಗಂಟೆಯ ಸಹಿತ. 2023ರ ಜೂನಿನಲ್ಲಿ ಗೃಹಜ್ಯೋತಿಯ ನೋಂದಣಿ ಆರಂಭವಾದಾಗ ಸೇವಾಸಿಂಧುವಿನ ಸರ್ವರು ಜನರ ಭಾರ ತಾಳದೆ ತೊಡರಿದ ಸುದ್ದಿ ಎಲ್ಲ ಪತ್ರಿಕೆಗಳಲ್ಲೂ ಬಂದಿತ್ತು. ನಾಡಿನ ಎಲ್ಲ ಮನೆಗಳವರನ್ನೂ ಒಂದೇ ಬಾಗಿಲಿಗೆ ಕರೆದವರು ಬಾಗಿಲಿನ ಅಗಲ ಎಷ್ಟಿರಬೇಕೆಂದು ಮೊದಲೇ ಅಳೆಯಬಹುದಿತ್ತು.

ಇಷ್ಟು ತಿಳಿದುಕೊಂಡ ಮೇಲೆ ಆಳುವವರು ಮಾಡಿಟ್ಟ ನಿಯಮಗಳನ್ನು ನೋಡಿದರೆ ಹಳ್ಳಿಯವನ ಬೆಲೆ ಎಷ್ಟೆಂದು ಗೊತ್ತಾಗುತ್ತದೆ. ಟ್ರಾಯ್ ಎಂಬ ನಿಯಂತ್ರಣ ಪ್ರಾಧಿಕಾರ 2024ರಲ್ಲಿ ಸೇವೆಯ ಗುಣಮಟ್ಟಕ್ಕೆ ಹೊಸ ನಿಬಂಧನೆಗಳನ್ನು ಹೊರಡಿಸಿತು. ಅದರಲ್ಲಿ ಒಳ್ಳೆಯದಿಲ್ಲವೆಂದು ನಾವು ಹೇಳುವುದಿಲ್ಲ. ಯಾವ ಊರಿನಲ್ಲಿ ಯಾವ ಸೇವೆ ಸಿಗುತ್ತದೆಂಬ ನಕ್ಷೆಯನ್ನು ಪ್ರತಿ ಕಂಪೆನಿಯೂ ಪ್ರಕಟಿಸಬೇಕೆಂದು ಅದು ಕಟ್ಟುಮಾಡಿದೆ. ಓದುಗರು ತಮ್ಮ ಊರನ್ನು ಆ ನಕ್ಷೆಯಲ್ಲಿ ಹುಡುಕಿ ನೋಡಬೇಕು, ಕಾಗದದ ಮೇಲೆ 4ಜಿಯಿದ್ದು ಅಂಗಳದಲ್ಲಿ ಇಲ್ಲದಿದ್ದರೆ ಅದೇ ಒಂದು ದೊಡ್ಡ ಸಾಕ್ಷಿ. ಆದರೆ ಪರಿಹಾರದ ವಿಷಯಕ್ಕೆ ಬಂದಾಗ ಏನು ಬರೆದರು? ಸೇವೆ ನಿಂತುದಕ್ಕೆ ಗಿರಾಕಿಗೆ ದಿನಗಳನ್ನು ಕೂಡಿಸಿಕೊಡಬೇಕಾದರೆ, ಇಲ್ಲವೆ ಬಾಡಿಗೆ ತಗ್ಗಿಸಬೇಕಾದರೆ, ಜಿಲ್ಲೆಯ ಮಟ್ಟದಲ್ಲಿ 24 ಗಂಟೆಗೂ ಮೀರಿ ಸೇವೆ ನಿಂತಿರಬೇಕು! ಒಂದು ಊರಿನ ಟವರು ಹದಿನೈದು ದಿನ ಸತ್ತು ಬಿದ್ದಿದ್ದರೆ ಅದಕ್ಕೆ ಕಾಸಿಲ್ಲ. ಆ ಹದಿನೈದು ದಿನದ ಹಣವನ್ನು ಮಾತ್ರ ಕಂಪೆನಿ ಮುಂಗಡವಾಗಿ ಎಣಿಸಿಕೊಂಡಿರುತ್ತದೆ. ಹಾಲು ಹಾಕದ ದಿನಕ್ಕೆ ಹಣ ಕೇಳುವ ಧೈರ್ಯ ನಮ್ಮ ಊರಿನ ಯಾವ ಹಾಲಿನವನಿಗೂ ಇಲ್ಲ.

ಹಣವಿಲ್ಲವೆಂಬ ಮಾತೂ ನಡೆಯದು. ಹಳ್ಳಿಗಾಡಿಗೆ ದೂರವಾಣಿ ಮುಟ್ಟಿಸಲೆಂದೇ 2002ರಿಂದ ಒಂದು ನಿಧಿಯಿದೆ. ಕಂಪೆನಿಗಳ ಆದಾಯದಲ್ಲಿ ನೂರಕ್ಕೆ ಐದು ಅದಕ್ಕೆ ಸೇರುತ್ತದೆ, ಎಂದರೆ ಕೊನೆಗೆ ನಾವು ನೀವು ಕಟ್ಟಿದ ಹಣ. 2023ರ ಕಾಯಿದೆಯಿಂದ ಅದಕ್ಕೆ ಡಿಜಿಟಲ್ ಭಾರತ್ ನಿಧಿ ಎಂದು ಹೊಸ ಹೆಸರಿಟ್ಟರು. ಕೂಡಿಬಂದುದೆಲ್ಲ ಆ ಕೆಲಸಕ್ಕೆ ಖರ್ಚಾಗಿಲ್ಲ. 2022ರ ಜುಲೈನಲ್ಲಿ ಕೇಂದ್ರ ಸಂಪುಟವು ಸೇವೆಯಿಲ್ಲದ 24,680 ಹಳ್ಳಿಗಳಿಗೆ 4ಜಿ ಕೊಡಲು 26,316 ಕೋಟಿ ರೂಪಾಯಿ ಮಂಜೂರು ಮಾಡಿತು. ಸ್ವಾತಂತ್ರ್ಯ ಬಂದು 75 ವರ್ಷ ತುಂಬುವ ವೇಳೆಗೆ ಅಷ್ಟು ಹಳ್ಳಿಗಳು ಉಳಿದಿದ್ದವು ಎಂಬುದನ್ನು ಅವರ ಅಂಕಿಯೇ ಒಪ್ಪಿಕೊಂಡಿತು.

ಸೇವೆ ಮುಟ್ಟಿಸುವ ಮುಂಚೆಯೇ ಸೇವೆಯನ್ನು ಕಡ್ಡಾಯ ಮಾಡಿದ್ದು ಎಲ್ಲಕ್ಕಿಂತ ದೊಡ್ಡ ಅನ್ಯಾಯ. 2023ರ ಜನವರಿ 1ರಿಂದ ಉದ್ಯೋಗ ಖಾತರಿಯ ಕೂಲಿಗಾರರ ಹಾಜರಿಯನ್ನು ದಿನಕ್ಕೆರಡು ಸಲ ಫೋಟೋ ತೆಗೆದು ಫೋನಿನಿಂದಲೇ ಕಳಿಸಬೇಕೆಂದು ಆಜ್ಞೆಯಾಯಿತು. ಫೋಟೋ ಏರದೆ ಕೂಲಿ ಹೋಯಿತೆಂಬ ದೂರು ದೇಶದ ನಾನಾ ಕಡೆಯಿಂದ ಬಂತು. ನಾವು ಶಾಲೆಯಲ್ಲಿ ಹಾಜರಿ ಕರೆದವರು. ಲೇಖನಿಯ ಮಸಿ ಮುಗಿದ ದಿನ ಮಕ್ಕಳಿಗೆಲ್ಲ ಗೈರುಹಾಜರಿ ಹಾಕಿದ ಮೇಷ್ಟ್ರನ್ನು ನಾವು ಕಂಡಿಲ್ಲ.

2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟು ಡಿಜಿಟಲ್ ಸೇವೆಗಳು ಎಟುಕುವಂತಿರುವುದು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಹೇಳಿದೆ. ಅದು ಅಂಗವಿಕಲರ ಮೊಕದ್ದಮೆಯಲ್ಲಿ ಬಂದ ತೀರ್ಪು. ಹಳ್ಳಿಗಾಡಿನ ಜನರ ಪ್ರಸ್ತಾಪವೂ ಅದರಲ್ಲಿದೆ. ಅದರ ಬಲದ ಮೇಲೆ ನಾವು ಕೇಳುವುದು ಬಹಳವಲ್ಲ. ಸರ್ಕಾರಿ ಅರ್ಜಿಯ ಪುಟಗಳಿಂದ ಮಂತ್ರಿ ಮಹಾಶಯರ ಚಿತ್ರಗಳನ್ನೂ ಓಡುವ ಪಟ್ಟಿಗಳನ್ನೂ ತೆಗೆದು ಬರಿಯ ಬರಹದ, 2ಜಿಯಲ್ಲೂ ತೆರೆಯುವ ಪುಟ ಮಾಡಲಿ. ಸರ್ವರು ನಿಂತ ದಿನಗಳನ್ನು ಕೊನೆಯ ತಾರೀಖಿಗೆ ಕೂಡಿಸಲಿ. “ಸರ್ವರ್ ಇಲ್ಲ” ಎನ್ನುವ ಕಚೇರಿ ಆ ಮಾತನ್ನೇ ಒಂದು ಚೀಟಿಯಲ್ಲಿ ಬರೆದು, ತಾರೀಖು ಹಾಕಿ, ಮೊಹರು ಒತ್ತಿ ಕೊಡಲಿ, ಕಾಗದದ ಅರ್ಜಿಯನ್ನು ತೆಗೆದುಕೊಂಡು ಸ್ವೀಕೃತಿ ಕೊಡಲಿ. ಟವರಿನ ಲೆಕ್ಕ ಜಿಲ್ಲೆಗಲ್ಲ, ಟವರಿಗೆ ಹಾಕಲಿ.

ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವ ಕೆಲಸ. ಯಾವ ಕಂಪೆನಿಯಾದರೂ ಸರಿ, 198ಕ್ಕೆ ಫೋನು ಮಾಡಿದರೆ ದೂರು ಬರೆದುಕೊಳ್ಳಬೇಕು. ದೂರಿನ ಸಂಖ್ಯೆ ಕೇಳಿ ಪಡೆಯಿರಿ, ಅದಿಲ್ಲದೆ ಫೋನು ಇಡಬೇಡಿ. ಅದರಿಂದ ಪರಿಹಾರ ಸಿಗದಿದ್ದರೆ ಅದೇ ಕಂಪೆನಿಯಲ್ಲಿ ಮೇಲ್ಮನವಿಯ ಅಧಿಕಾರಿಯಿರುತ್ತಾನೆ, ಅವನಿಗೆ ಬರೆಯಲು ಹಣ ಕೊಡಬೇಕಾಗಿಲ್ಲ. ಕಂಪೆನಿಯನ್ನೇ ಬಿಡುವುದಾದರೆ 1900ಕ್ಕೆ ಸಂದೇಶ ಕಳಿಸಿ ನಂಬರು ಉಳಿಸಿಕೊಂಡು ಬೇರೆಡೆಗೆ ಹೋಗಬಹುದು. ಹೋಗುವ ಮುಂಚೆ ನೆರೆಯವರ ಫೋನಿನಲ್ಲಿ ಆ ಬೇರೆಯದು ನಿಮ್ಮ ಜಗಲಿಯ ಮೇಲೆ ಸಿಗುತ್ತದೆಯೇ ನೋಡಿಕೊಳ್ಳಿ. ಒಬ್ಬೊಬ್ಬರ ದೂರನ್ನು ಯಾರೂ ಲೆಕ್ಕಿಸುವುದಿಲ್ಲವಾದ್ದರಿಂದ, ಪ್ರತಿ ಊರಿನಲ್ಲೂ ಒಂದು ಶಾಲೆಯ ನೋಟುಪುಸ್ತಕ ಇಡಬೇಕೆಂದು ನಮ್ಮ ಸಲಹೆ. ಪುಟ ತೆರೆಯದ ದಿನ, ಗಂಟೆ, ಯಾವ ಕಂಪೆನಿ, ನೆತ್ತಿಯ ಮೇಲಿನ ಗುರುತು, ತೆರೆಯ ಮೇಲಿನ ಅಂಕಿ, ದೂರಿನ ಸಂಖ್ಯೆ, ಒಂದು ಸಾಲಿನಲ್ಲಿ ಇಷ್ಟು. ಬರೆಯಲು ಹೈಸ್ಕೂಲಿನ ಹುಡುಗರು ಸಾಕು. ಮುಂದಿನ ಗ್ರಾಮಸಭೆಯಲ್ಲಿ ಆ ಪುಸ್ತಕವನ್ನು ಮೇಜಿನ ಮೇಲಿಟ್ಟು, ಅದರ ನಕಲನ್ನು ನಡಾವಳಿಗೆ ಸೇರಿಸುವಂತೆ ಕೇಳಿ, ಸೇರಿಸಿದ ಮೇಲೆ ಸಹಿ ಮಾಡಿಸಿಕೊಂಡು ಬನ್ನಿ.